ಈಶಪ್ಪನ ಹಳದಿ ಗುಳಿಗಿ

ಈಶಪ್ಪ ಈಗಿಲ್ಲ. ಇದ್ದಾಗ ಹೆಂಗಿದ್ದ ಅನ್ನೋದಕ್ಕೆ ಇದೊಂದು ಸಾಕು.

ಲಡಾಯಿ ಮುಗಿದ ವರ್ಷ ಅವನು ಬರ್ಮಾದಿಂದ ಹನುಮಸಾಗರಕ್ಕೆ ಮರಳಿ ಬಂದ. ಹೋಗುವಾಗ ಎರಿಮಣ್ಣಿನ ಬಣ್ಣದವ, ಬರುವಾಗ ಅರಿಷಿಣ ಹಚ್ಚಿದ ಮದುಮಗನಂಗ ಇದ್ದ. ಮೂರು ವರ್ಷ ಅಲ್ಲಿನ ಅಡವಿಯಲ್ಲಿ ಫೌಜಿನ ಹೇಸರಗತ್ತೆ ಹೊಡೆದಿದ್ದ. ಕತ್ತೆಗಳು ಗಟ್ಟಿಯಾಗೇ ಇದ್ದವು, ಇವನಿಗೆ ಚಳಿಜ್ವರ ಹತ್ತಿತು. ದಿನ ಬಿಟ್ಟು ದಿನ, ಮಧ್ಯಾಹ್ನಕ್ಕೆ ಸರಿಯಾಗಿ ಹಲ್ಲು ಕಟಕಟ.

ಫೌಜಿನ ಡಾಕ್ಟರ ಒಂದು ಡಬ್ಬಿ ಹಳದಿ ಗುಳಿಗಿ ಕೊಟ್ಟಿದ್ದ. ಮೈ ಹಳದಿಯಾದೀತು, ಹೆದರಬೇಡ. ನಡುವೆ ಬಿಟ್ಟರೆ ಮಾತ್ರ ಜ್ವರ ತಿರುಗಿ ಬರತೈತಿ ಅಂದಿದ್ದ. ಈಶಪ್ಪ ಓದಿದವನಲ್ಲ. ಕೇಳಿದ್ದನ್ನು ಮರೆಯುವವನೂ ಅಲ್ಲ.

ಅವ್ವ ಕಳಕಮ್ಮ ನಂಬಲಿಲ್ಲ. ಅವಳ ಗಂಡ ಕಾಮಣಿ ಬ್ಯಾನಿಯಲ್ಲೇ ಹಳದಿಯಾಗಿ ಸತ್ತಿದ್ದ. ಡಬ್ಬಿಯನ್ನು ಹುರಳಿ ಗಡಿಗೆಯಲ್ಲಿ ಮುಚ್ಚಿಟ್ಟು, ಕಾಮಣಿಗೆ ಮುಂಗೈ ಸುಟ್ಟು ಬರಿ ಹಾಕುವ ಉಮರಸಾಬನನ್ನು ಕರೆಸಿದಳು.

"ಯವ್ವಾ, ಡಬ್ಬಿ ಕೊಡು. ಇನ್ನ ನಾಕ ದಿನದ್ದೈತಿ."

"ಹಳದೀವು ನುಂಗಿ ಹಳದಿ ಆಗ್ಯಾನಂತ. ಹಸರು ಕೊಟ್ಟಿದ್ರ ಗಿಣಿ ಆಗ್ತಿದ್ದೇನು? ನಿಮ್ಮಪ್ಪಗ ಬರಿ ಹಾಕಸೂದು ತಡಾ ಮಾಡಿದೆ. ನಿನಗ ಮಾಡಂಗಿಲ್ಲ. ಮುಂಗೈ ಚಾಚು."

ಒಲೆಯಲ್ಲಿ ಕಬ್ಬಿಣದ ಕಡ್ಡಿ ಕೆಂಪಾಗಿತ್ತು. ಈಶಪ್ಪ ಕದಲಲಿಲ್ಲ.

"ಕಾಕಾ, ಕಾಮಣಿ ಮೊದಲ ಎಲ್ಲಿ ಕಾಣತೈತ್ರಿ?"

"ಕಣ್ಣಾಗ," ಅಂದ ಉಮರಸಾಬ.

"ಹಂಗಾರ ನೋಡ್ರಿ. ಹಳದಿ ಇದ್ರ ಎರಡೂ ಕೈ ಚಾಚ್ತೀನಿ."

ಉಮರಸಾಬ ಅವನನ್ನು ಅಂಗಳದ ಬಿಸಿಲಿಗೆ ಕರೆತಂದು ರೆಪ್ಪೆ ಜಗ್ಗಿ ನೋಡಿದ. ಒಂದು ಕಣ್ಣು, ಆಮೇಲೆ ಇನ್ನೊಂದು. ಬಿಡಿಸಿದ ಹತ್ತಿಯಂಗ ಬೆಳ್ಳಗಿದ್ದವು. ಒಳಗೆ ಹೋಗಿ ಕಡ್ಡಿಯನ್ನು ನೀರಿಗೆ ಅದ್ದಿದ. ಚುರ್ ಅಂತು.

"ಇದು ಕಾಮಣಿ ಅಲ್ಲ. ನಾ ಬರಿ ಹಾಕಂಗಿಲ್ಲ."

"ಮತ್ತ ಮೈ?" ಕಳಕಮ್ಮ ಬಿಡಲಿಲ್ಲ.

"ಮೈ ನಂಗೊತ್ತಿಲ್ಲಬೇ. ಕಣ್ಣು ಗೊತ್ತು. ಅಂವನ ಡಬ್ಬಿ ಅಂವಗ ಕೊಡು. ನಂಗ ಒಂದು ತಂಬಿಗಿ ಮಜ್ಜಿಗಿ ಕೊಡು."

ಕಳಕಮ್ಮ ಗಡಿಗೆಗೆ ಕೈ ಹಾಕಿದಳು. ಆಮೇಲೆ ನಾಲ್ಕು ದಿನ ತಾನೇ ಎದುರು ಕೂತು ಗುಳಿಗಿ ನುಂಗಿಸಿದಳು. ನಾಲಿಗೆ ಹೊರಗೆ ಹಾಕಿಸಿ ನೋಡಿದಳು.

ಮಳೆ ಬೀಳುವ ಹೊತ್ತಿಗೆ ಮೈಬಣ್ಣ ಇಳಿಯಿತು. ಜ್ವರ ತಿರುಗಿ ಬರಲಿಲ್ಲ. ಆದರೂ ಕಳಕಮ್ಮ ದಿನ ಬಿಟ್ಟು ದಿನ, ಮಧ್ಯಾಹ್ನಕ್ಕೆ ಸರಿಯಾಗಿ, ಕಂಬಳಿ ಹೊತ್ತು ಹೊಲಕ್ಕೆ ಬರುತ್ತಿದ್ದಳು. ಈಶಪ್ಪ ಅದನ್ನು ಬೇವಿನ ನೆರಳಿಗೆ ಹಾಸಿ, ಅವ್ವನನ್ನು ಕೂಡಿಸಿ, ರೊಟ್ಟಿ ಗಂಟು ಬಿಚ್ಚುತ್ತಿದ್ದ.