ಬಲೂನೆಂದು ಒಪ್ಪದ ಗುರುಶಾಂತಮ್ಮ

೧೯೭೮ರ ಮಾಗಿಯಲ್ಲಿ ಒಂದು ಮುಂಜಾನೆ ಕಡೂರಿನಿಂದ ತರೀಕೆರೆಯವರೆಗೆ ಹಲವರು ಆಕಾಶದಲ್ಲಿ ಒಂದು ಬೆಳಕು ಕಂಡರು. ಹೆಬ್ಬೆ ಕಡೆಯ ಕಾಡಿನಲ್ಲಿ ವಿಮಾನ ಬಿದ್ದಿದೆ ಎಂದು ಸುದ್ದಿ ಹಬ್ಬಿತು. ಅಜ್ಜಂಪುರದ ಪಕ್ಕದ ಹಳ್ಳಿಯಲ್ಲಂತೂ ಒಬ್ಬ ಅದರ ಚಕ್ರ ಕಂಡೆ ಎಂದ, ಇನ್ನೊಬ್ಬ ಒಳಗೆ ಕೂತವರನ್ನೇ ಕಂಡೆ ಎಂದ. ವಾಯುಪಡೆಯ ಜೀಪು ವಿಚಾರಣೆಗೆ ಬಂದು ನಿಂತಾಗ ಅವರಿಗೆಲ್ಲ ಹೊಲದ ಕೆಲಸ ನೆನಪಾಯಿತು. ಬೆಳಕು ಕಂಡವರಲ್ಲಿ ಉಳಿದವಳು ಗುರುಶಾಂತಮ್ಮ ಒಬ್ಬಳೇ.

ಬಾಯಿ ಮುಚ್ಚಿಕೊಂಡಿರಲು ಆಕೆಗೂ ಬಲವಾದ ಕಾರಣವಿತ್ತು. ನೆರೆಮನೆಯ ವಿಧವೆ ಕಾಶಮ್ಮನ ಹೊಲದ ಬಾಂದುಕಲ್ಲನ್ನು ಅವಳ ಮೈದುನ ಓಂಕಾರಮೂರ್ತಿ ಕಿತ್ತು ಅವಳ ಹೊಲದ ಒಳಕ್ಕೆ ನೆಟ್ಟಿದ್ದ. ಅದನ್ನು ಕಣ್ಣಾರೆ ಕಂಡಿದ್ದವಳು ಗುರುಶಾಂತಮ್ಮ ಮಾತ್ರ. ಮುಂದಿನ ವಾರ ತರೀಕೆರೆ ಕೋರ್ಟಿನಲ್ಲಿ ಆಕೆಯ ಸಾಕ್ಷಿ. ಆ ಮಾತು ಬಿದ್ದರೆ ಕಾಶಮ್ಮನ ಹೊಲವೂ ಹೋದಂತೆ.

“ಅಕ್ಕಾ, ಏನೂ ಕಾಣ್ಲಿಲ್ಲ ಅಂದ್ಬಿಡೇ,” ಎಂದು ಕಾಶಮ್ಮ ಸೆರಗು ಹಿಡಿದಳು. “ಇವ್ಳಿಗೆ ತಲೆ ಕೆಟ್ಟೈತೆ ಅಂತ ಕೋರ್ಟಲ್ಲಿ ಹೇಳ್ಸಕ್ಕೆ ಅವ್ನು ಕಾಯ್ತಾವ್ನೆ.”

“ಇಲ್ಲೊಂದು ಅಲ್ಲೊಂದು ಹೇಳಕ್ಕೆ ನಂಗೆ ಬರಲ್ಲ ಕಣೇ. ಸುಮ್ನಿರು.”

ಹಿರಿಯ ಅಧಿಕಾರಿಯ ಪ್ರಶ್ನೆಗಳನ್ನು ಕನ್ನಡ ಬಲ್ಲ ಕಿರಿಯನೊಬ್ಬ ಕೇಳುತ್ತಿದ್ದ. ಲಿಂಗಪೂಜೆ ಮುಗಿಸಿ ತಲೆ ಎತ್ತಿದಾಗ ಕೆಂಪಗೆ ಉರಿಯುವ ಉಂಡೆಯಂಥದ್ದೊಂದು ಸದ್ದಿಲ್ಲದೆ ಬಂದು ನಿಂತಿತು, ಬಂದ ಕಡೆಗೇ ತಿರುಗಿ ಹೋಯಿತು, ಎಲ್ಲೂ ಬೀಳಲಿಲ್ಲ ಎಂದು ಗುರುಶಾಂತಮ್ಮ ಹೇಳಿದಳು.

“ಅಂಗೈಲಿ ಲಿಂಗ ಇಟ್ಕೊಂಡು ಒಂದೇ ಸಮ ನೋಡ್ತೀರಲ್ಲಮ್ಮ, ಆಮೇಲೆ ಕಣ್ಣಿಗೆ ಏನೇನೋ ಬೆಳಕು ಕಾಣುತ್ತೆ.”

“ಮದ್ವೆಗೆ ಮುಂಚಿಂದ್ಲೂ ದಿನಾ ನೋಡ್ತಿದೀನಿ ಸ್ವಾಮಿ. ದಿನಾ ಬೆಳಕು ಬಂದಿದ್ರೆ ಸೀಮೆಎಣ್ಣೆ ಆದ್ರೂ ಉಳೀತಿತ್ತು.”

ಕಿರಿಯನಿಗೆ ನಗು ತಡೆಯಲಾಗಲಿಲ್ಲ. “ಹವಾಮಾನದವರ ಬಲೂನು ಅಂತ ಬರೆದುಬಿಡೋಣ್ವೇ? ನಮ್ಮ ಕೆಲಸಾನೂ ಮುಗಿಯುತ್ತೆ, ನಿಮ್ಮನ್ನ ನೋಡಿ ಜನ ನಗೋದೂ ತಪ್ಪುತ್ತೆ.”

ಬಾಗಿಲಲ್ಲಿ ನಿಂತ ಕಾಶಮ್ಮ ಹೂಂ ಅನ್ನು ಎಂಬಂತೆ ಜೋರಾಗಿ ತಲೆಯಾಡಿಸುತ್ತಿದ್ದಳು. ಗುರುಶಾಂತಮ್ಮ ಅತ್ತ ನೋಡಿ, ಮತ್ತೆ ಕಿರಿಯನ ಕಡೆ ತಿರುಗಿದಳು.

“ನಿಮಗೆ ಗೊತ್ತಿದ್ರೆ ನಿಮ್ ಹೆಸ್ರಲ್ಲಿ ಬರ್ಕೊಳ್ಳಿ. ನನ್ ಹೆಸ್ರಲ್ಲಾದ್ರೆ ಕಂಡಿದ್ದು ಬರೀರಿ, ಏನಂತ ಗೊತ್ತಿಲ್ಲ ಅಂತ ಬರೀರಿ.”

ಹಾಗೆಯೇ ಬರೆದುಕೊಂಡರು. ಹೊರಡುವಾಗ ಹಿರಿಯ ಅಧಿಕಾರಿ ಆಕೆಗೆ ಕೈ ಮುಗಿದ. ಕಾಶಮ್ಮ ಎರಡು ದಿನ ಮಾತು ಬಿಟ್ಟಳು.

ಕೋರ್ಟಿನಲ್ಲಿ ಕಾಶಮ್ಮ ಹೆದರಿದ್ದೇ ನಡೆಯಿತು.

“ಆಕಾಶದಲ್ಲಿ ಬೆಂಕಿ ಉಂಡೆ ಕಂಡೋರು ನೀವೇ ಅಲ್ವೇನಮ್ಮ?” ಓಂಕಾರಮೂರ್ತಿಯ ವಕೀಲ ಕೇಳಿದ. ಹಿಂದೆ ಕೂತವರು ನಕ್ಕರು.

“ನಾನೇ.”

“ಏನದು? ದೇವರೋ, ದೆವ್ವವೋ?”

“ಗೊತ್ತಿಲ್ಲ.”

“ಬಲೂನೇನೋ?”

“ಮಿಲಿಟ್ರಿಯೋರೂ ಹಂಗೇ ಅಂದ್ರು. ನಂಗೊತ್ತಿಲ್ಲ.”

“ಹಾಗಾದ್ರೆ ಕಲ್ಲು ಕಿತ್ತೋರು ಯಾರು ಅನ್ನೋದೂ ಗೊತ್ತಿಲ್ಲ ಅನ್ನಿ.”

“ಅದು ಗೊತ್ತು. ಹಾರೆ ಹಿಡಿದಿದ್ದೋನು ಅಗೋ, ಅಲ್ಲಿ ಕೂತವ್ನೆ.”

ಈ ಸಲ ಯಾರೂ ನಗಲಿಲ್ಲ. ಗೊತ್ತಿಲ್ಲದ್ದನ್ನು ಮಿಲಿಟರಿಯವರ ಮುಂದೆಯೂ ಗೊತ್ತಿಲ್ಲವೆಂದವಳು ಗೊತ್ತು ಎಂದರೆ ನಂಬಬೇಕಾಗುತ್ತದೆ ಎಂದು ನ್ಯಾಯಾಧೀಶರು ಹೇಳಿದರು. ಬಾಂದುಕಲ್ಲು ಹಳೆಯ ಜಾಗಕ್ಕೆ ಬಂತು.

ಕೆಲವು ವರ್ಷಗಳಾದ ಮೇಲೆ ಓಂಕಾರಮೂರ್ತಿಯೇ ಆಕೆಯ ಜಗಲಿಗೆ ಬಂದು ಕೂತ. ಬಾವಿಯ ವಿಚಾರಕ್ಕೆ ಅವನೂ ಕೋರ್ಟು ಹತ್ತಿದ್ದ.

“ಅಕ್ಕಾ, ನೀನೊಬ್ಳು ಬಂದು ಹೇಳಿದ್ರೆ ಗೆದ್ದಂಗೇ ಕಣಕ್ಕ.”

“ಅದ್ರಲ್ಲಿ ನಾನೇನು ಕಂಡಿದೀನಪ್ಪಾ?”

“ಕಂಡಿಲ್ಲ, ನಿಜ. ಆದ್ರೂ…”

ಗುರುಶಾಂತಮ್ಮ ಅವನಿಗೆ ಕಾಫಿ ಕೊಟ್ಟು ಕಳಿಸಿದಳು.