ಆವತ್ತು ಕೊಟ್ಟ ಇಂಜೆಕ್ಷನ್

ನಮ್ಮ ಅಕ್ಕ ಊಟದಲ್ಲಿ ತಪ್ಪು ಹುಡುಕುವುದನ್ನು ನಿಲ್ಲಿಸಿದಾಗಲೇ ನಾವು ಎಚ್ಚೆತ್ತುಕೊಳ್ಳಬೇಕಿತ್ತು. ಅಲ್ಲಿಯವರೆಗೆ ಅಮ್ಮ ಅಡುಗೆ ಮಾಡುತ್ತಿದ್ದದ್ದೇ ಅವಳ ನಾಲಿಗೆಗೆ ಹೆದರಿ. ಬೇಳೆ ಬೆಂದಿಲ್ಲ, ಹುಳಿ ಮುಂದಾಯಿತು, ಒಗ್ಗರಣೆ ಸೀದುಹೋಗಿದೆ, ಹೀಗೆ ಒಂದಲ್ಲ ಒಂದು ಕೊಂಕು ತೆಗೆಯದೆ ತಟ್ಟೆ ಬಿಟ್ಟು ಎದ್ದವಳಲ್ಲ. ಅಂಥವಳು ಹಾಕಿದ್ದನ್ನು ಹಾಕಿದ ಹಾಗೆ ತಿನ್ನತೊಡಗಿದಾಗ, ಪರವಾಗಿಲ್ಲ, ಹುಡುಗಿಗೆ ಬುದ್ಧಿ ಬಂತು ಎಂದು ಅಮ್ಮ ಸಂತೋಷಪಟ್ಟಳು. ಆಮೇಲೆ ಅವಳು ತಿನ್ನುವುದನ್ನೂ ಬಿಟ್ಟಳು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಆರ್‌ಪಿಸಿ ಲೇಔಟಿನ ಬಾಡಿಗೆ ಮನೆಯಲ್ಲಿ ಅಮ್ಮ, ಅಕ್ಕ, ನಾನು, ಮೂವರೇ. ಮುಂದಿನ ಕೋಣೆಯಲ್ಲಿ ಅಕ್ಕನ ಹೊಲಿಗೆ ಮೆಷಿನ್ನು. ಬ್ಲೌಸ್ ಹೊಲಿಯಲು ಕೊಟ್ಟವರು ಬಂದು ಬಂದು ಸಾಕಾಗಿ, ಕೊನೆಗೆ ಹೊಲಿಯದ ಬಟ್ಟೆಯನ್ನೇ ವಾಪಸ್ ಒಯ್ದರು. ಅಕ್ಕ ಗೋಡೆಗೆ ಮುಖ ಮಾಡಿ ಮಲಗಿಯೇ ಇರುತ್ತಿದ್ದಳು. ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತೆ ಎಂದು ಸೋದರತ್ತೆ ಹೇಳಿದಳು. ಅತ್ತೆಯ ಮದುವೆಯನ್ನು ಹತ್ತಿರದಿಂದ ನೋಡಿದ್ದ ನನಗೆ ಹಾಗೇನೂ ಅನ್ನಿಸಲಿಲ್ಲ.

ಮಾತ್ರೆಗಳು ಬದಲಾದವು, ಅವಳು ಬದಲಾಗಲಿಲ್ಲ. ಕೊನೆಗೆ ಮನಸ್ಸಿನ ಡಾಕ್ಟರು ಕರೆಂಟ್ ಕೊಡಬೇಕೆಂದರು. ವಿಜಯನಗರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಮತ್ತು ಬರಿಸಿ ತಲೆಗೆ ಕರೆಂಟ್ ಕೊಡುತ್ತಿದ್ದರು. ಅಕ್ಕಪಕ್ಕದವರು ಕೇಳಿದರೆ ಅಮ್ಮ 'ತಲೆ ಸ್ಕ್ಯಾನಿಂಗು' ಅನ್ನುತ್ತಿದ್ದಳು. ಮತ್ತಿನ ಡಾಕ್ಟರು ಬೇರೆ. ಒಂದು ನರ್ಸಿಂಗ್ ಹೋಮಿನಿಂದ ಇನ್ನೊಂದಕ್ಕೆ ಸ್ಕೂಟರಿನಲ್ಲಿ ಓಡಾಡುತ್ತಿದ್ದ, ಸದಾ ಅವಸರದಲ್ಲಿರುತ್ತಿದ್ದ ಮನುಷ್ಯ. ಮೊದಮೊದಲ ಕರೆಂಟುಗಳಿಂದ ಅಕ್ಕನಿಗೆ ಮರೆವು ಬಂದದ್ದು ಬಿಟ್ಟರೆ ಬೇರೇನೂ ಬರಲಿಲ್ಲ.

ಒಂದು ದಿನ ಮತ್ತಿನ ಡಾಕ್ಟರು, ಎಂದಿನ ಔಷಧಿ ಇವತ್ತು ಅಂಗಡಿಯಲ್ಲಿ ಸಿಗಲಿಲ್ಲ, ಕೆಟಮಿನ್ ಅಂತ ಬೇರೆ ಕೊಡುತ್ತೇನೆ, ಎಚ್ಚರ ಆಗುವಾಗ ಏನಾದರೂ ಬಡಬಡಿಸಿದರೆ ಹೆದರಬೇಡಿ ಅಂದರು. ಅಕ್ಕ ಬಡಬಡಿಸಿದಳು. ತಾನು ಫ್ಯಾನಿನ ಹತ್ತಿರ ಮೇಲೆ ಇದ್ದೆನೆಂದೂ, ಕೆಳಗೆ ಮಲಗಿದ್ದ ತನ್ನನ್ನು ನೋಡಿ ಪಾಪ ಅನ್ನಿಸಿತೆಂದೂ ಹೇಳಿದಳು. ಇದ್ದ ಬುದ್ಧಿಯೂ ಹೋಯಿತಲ್ಲ ಎಂದು ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮಾರನೇ ದಿನ ಮಧ್ಯಾಹ್ನ ಮುದ್ದೆ, ಬಸ್ಸಾರು. ಅಕ್ಕ ಒಂದು ತುತ್ತು ನುಂಗಿದಳು, ಮುಖ ಕಿವಿಚಿದಳು.

“ಉಪ್ಪು ಜಾಸ್ತಿ ಆಗಿದೆ ಕಣಮ್ಮ.”

ಅಮ್ಮ ಅಡುಗೆಮನೆಗೆ ಹೋಗಿ ಒಲೆಯ ಕಟ್ಟೆಗೆ ಒರಗಿ ಅತ್ತಳು. ನಾನು ಸಾರಿನ ರುಚಿ ನೋಡಿದೆ, ಉಪ್ಪು ನಿಜಕ್ಕೂ ಕಟುವಾಗಿತ್ತು. ಅಷ್ಟು ರುಚಿಯಾದ ಸಾರನ್ನು ನಾನು ಆಮೇಲೆ ಉಂಡಿಲ್ಲ.

ಆ ವಾರ ನಮ್ಮ ಮನೆಯಲ್ಲಿ ಹಬ್ಬ. ಅಕ್ಕ ಮೆಷಿನ್ನಿಗೆ ಎಣ್ಣೆ ಬಿಟ್ಟಳು, ನನ್ನ ಚೂಡಿದಾರದ ತೋಳು ಬಿಚ್ಚಿ ಸರಿಮಾಡಿದಳು, ಹೊಲಿದವನಿಗೆ ಕೈ ಇದೆಯೋ ಕಾಲಿದೆಯೋ ಎಂದು ಬೈದಳು. ಎದೆ ಮೇಲಿದ್ದ ರುಬ್ಬುಗುಂಡು ಯಾರೋ ಎತ್ತಿಟ್ಟ ಹಾಗಿದೆ ಎಂದು ನನಗೊಬ್ಬಳಿಗೇ ಹೇಳಿದಳು.

ಆದರೆ ಆ ಇಂಜೆಕ್ಷನ್ನಿಗೆ ಎರಡು ದಿನ ಮೊದಲಷ್ಟೇ ಅಮ್ಮ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ ಕೆಂಗೇರಿ ಕಡೆಯ ಒಂದು ದೇವಿಗೆ ಮಡಿಲಕ್ಕಿ ತುಂಬಿ ಹರಕೆ ಕಟ್ಟಿಕೊಂಡು ಬಂದಿದ್ದಳು. ಹಾಗಾಗಿ ಗುಣವಾದದ್ದರ ಪುಣ್ಯವೆಲ್ಲ ದೇವಿಯ ಲೆಕ್ಕಕ್ಕೆ ಹೋಯಿತು. ನೆಟ್ಟಗಿರುವ ತಲೆಗೆ ಯಾಕೆ ಕರೆಂಟು ಎಂದು ಅಮ್ಮ ನರ್ಸಿಂಗ್ ಹೋಮಿಗೆ ಹೋಗುವುದನ್ನೇ ನಿಲ್ಲಿಸಿದಳು.

ಮೊದಲು ಮೆಷಿನ್ನಿನ ಸದ್ದು ನಿಂತಿತು. ಆಮೇಲೆ ಬೈಗುಳವೂ. ಮತ್ತೆ ಗೋಡೆ ಕಡೆಗೆ ಮುಖ.

ಹರಕೆಯಲ್ಲಿ ಏನೋ ಲೋಪವಾಗಿದೆ ಎಂದು ಅಮ್ಮ ತೀರ್ಮಾನಿಸಿದಳು. ಎಲ್ಲವನ್ನೂ ಇನ್ನೊಮ್ಮೆ, ಇದ್ದದ್ದು ಇದ್ದ ಹಾಗೆ ಮಾಡಬೇಕು. ಅದೇ ಹಳದಿ ಸೀರೆ, ಅದೇ ಅಂಗಡಿಯ ಬಳೆ. ಆಟೋ ಕೂಡ ಅದೇ ಆಗಬೇಕೆಂದು ಸ್ಟ್ಯಾಂಡಿನಲ್ಲಿ ಆ ಡ್ರೈವರಣ್ಣನಿಗಾಗಿ ಕಾದು ನಿಂತೆವು. ಹೋದ ಸಲ ನನಗೆ ನೆಗಡಿಯಾಗಿತ್ತು, ಈ ಸಲ ಇರಲಿಲ್ಲ, ಅದೊಂದೇ ಕೊರತೆ. ಮೈಸೂರು ರಸ್ತೆಯ ಹೊಗೆಯಲ್ಲಿ ಆಟೋ ನಿಂತಿದ್ದಾಗ ಅಕ್ಕ ನನ್ನ ಕೈ ಹಿಡಿದಳು.

“ಆವತ್ತು ಕೊಟ್ಟ ಇಂಜೆಕ್ಷನ್ ಬೇರೆ ಕಣೇ. ಅದನ್ನೇ ಕೊಡಿಸು.”

ಅದನ್ನು ಅವಳು ಅಮ್ಮನಿಗೂ ಹೇಳಿದ್ದಳಂತೆ. ತನಗೇನು ಬೇಕು ಅಂತ ಗೊತ್ತಿದ್ದರೆ ಇವಳು ಯಾಕೆ ಹೀಗೆ ಮಲಗಿರುತ್ತಿದ್ದಳು ಎಂಬುದು ಅಮ್ಮನ ವಾದ. ತಲೆ ಕೆಟ್ಟವಳು ಅಂತ ಒಮ್ಮೆ ಅನ್ನಿಸಿಕೊಂಡರೆ ಮುಗಿಯಿತು, ಬಾಯಾರಿಕೆ ಅಂದರೂ ಜನ ನೀರು ಕೊಡುವ ಮುಂಚೆ ಯೋಚಿಸುತ್ತಾರೆ. ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಮನಸ್ಸಿನ ಡಾಕ್ಟರನ್ನು ಕೇಳಿದೆ. ಒಳ್ಳೆಯವರೇ, ಸಮಾಧಾನವಾಗಿ ಹೇಳಿದರು: ಅದು ಮತ್ತು ಬರಿಸುವ ಔಷಧಿ, ಕಾಯಿಲೆಯ ಔಷಧಿಯಲ್ಲ, ಗುಣ ಕೊಟ್ಟಿದ್ದರೆ ಕರೆಂಟೇ ಕೊಟ್ಟಿರಬೇಕು, ನಿಲ್ಲಿಸಿದ್ದೇ ತಪ್ಪು. ಈಗ ಅದೇ ಔಷಧಿಯನ್ನು ಅದೇ ಕಾಯಿಲೆಗೆಂದು ಕೊಡುವ ಕ್ಲಿನಿಕ್ಕುಗಳಿವೆ ಎಂದು ಕೇಳುತ್ತೇನೆ. ಆಗ ಅವರಿಗೆ ಗೊತ್ತಿದ್ದದ್ದು ಅಷ್ಟು. ಮತ್ತೆ ಕರೆಂಟ್ ಶುರುವಾಯಿತು, ಎಂದಿನ ಮತ್ತಿನಲ್ಲಿ. ಏನೂ ಆಗಲಿಲ್ಲ. ಯುಗಾದಿ ಹೋಯಿತು, ಗೌರಿ ಹಬ್ಬವೂ ಹೋಯಿತು.

ಕೊನೆಗೆ ಮತ್ತಿನ ಡಾಕ್ಟರ ಸ್ಕೂಟರಿನ ಪಕ್ಕ ಕಾದು ನಿಂತು ಅವರನ್ನೇ ಹಿಡಿದೆ. ಹೊರದೇಶದಲ್ಲಿ ಇದನ್ನು ಮನಸ್ಸಿನ ಕಾಯಿಲೆಗೆ ಕೊಟ್ಟು ನೋಡುತ್ತಿದ್ದಾರೆಂದು ಎಲ್ಲೋ ಓದಿದ ನೆನಪು ಅಂದರು. ಹೆಲ್ಮೆಟ್ ತೆಗೆದು ಸೀಟಿನ ಮೇಲಿಟ್ಟರು.

“ಮತ್ತಿಗೆ ಅಂತ ಅದನ್ನೇ ಕೊಡಬಹುದಮ್ಮ. ವಾಸಿ ಆಗುತ್ತೆ ಅಂತ ಮಾತ್ರ ನಾನು ಹೇಳಲ್ಲ.”

ಅವರೇ ಮನಸ್ಸಿನ ಡಾಕ್ಟರಿಗೆ ಹೇಳಿ ಒಪ್ಪಿಸಿದರು. ವಿಷಯ ತಿಳಿದ ದಿನ ಅಕ್ಕ ಯಾರೂ ಹೇಳದೆ ತಾನೇ ತಲೆ ಬಾಚಿಕೊಂಡಳು. ಜಡೆ ಹೆಣೆಯುತ್ತಾ, ಇದೂ ಆಗದಿದ್ದರೆ ಇನ್ನು ನಾನು ಏನನ್ನೂ ಕೇಳಲ್ಲ ಅಂದಳು. ಅವಳ ದನಿ ಸಾಧಾರಣವಾಗಿತ್ತು, ಸೂಜಿಗೆ ದಾರ ಪೋಣಿಸಿಕೊಡು ಅನ್ನುವ ಹಾಗೆ.

ಇಂಜೆಕ್ಷನ್ ಕೊಟ್ಟರು, ಕರೆಂಟೂ ಕೊಟ್ಟರು. ಎಚ್ಚರವಾದಾಗ ಮತ್ತೆ ಫ್ಯಾನಿನ ಮಾತಾಡಿದಳು. ಈ ಸಲ ಅಮ್ಮ ಹೆದರಲಿಲ್ಲ, ಶುಭಶಕುನ ಕೇಳಿದವಳ ಹಾಗೆ ನನ್ನ ಮುಖ ನೋಡಿದಳು. ಮಾರನೇ ಬೆಳಿಗ್ಗೆ ಎದ್ದವಳೇ ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತಂದಳು. ಅದೇ ಬಸ್ಸಾರು ಆಗಬೇಕಲ್ಲ.

ಮಧ್ಯಾಹ್ನ ಮೂವರೂ ಕೂತೆವು. ಅಮ್ಮ ತನಗೆ ಬಡಿಸಿಕೊಳ್ಳದೆ ಅಕ್ಕನ ಬಾಯನ್ನೇ ನೋಡುತ್ತಿದ್ದಳು. ಅಕ್ಕ ಮುದ್ದೆ ಮುರಿದಳು, ಸಾರಿಗೆ ಅದ್ದಿದಳು. ತಲೆ ಎತ್ತಿ ಅಮ್ಮನನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

“ಉಪ್ಪು ಜಾಸ್ತಿ ಆಗಿದೆ ಕಣಮ್ಮ.”

ತುತ್ತು ಇನ್ನೂ ಅವಳ ಬೆರಳಲ್ಲೇ ಇತ್ತು.

ಅಮ್ಮ ಅದನ್ನು ನೋಡಲಿಲ್ಲ. ಹೌದಾ, ಅಯ್ಯೋ, ನನ್ನ ಕೈಗೆ ಏನಾಗಿದೆಯೋ ಎನ್ನುತ್ತಾ ಕಣ್ಣೊರೆಸಿಕೊಂಡು, ನಗುತ್ತಾ ಎದ್ದಳು. ಬಿಸಿನೀರು ತಂದು ಸಾರಿನ ಪಾತ್ರೆಗೆ ಸುರಿದಳು. ನಾನು ಆಗಲೇ ರುಚಿ ನೋಡಿದ್ದೆ, ಉಪ್ಪು ಹದವಾಗಿಯೇ ಇತ್ತು. ಅಕ್ಕ ನನ್ನ ಕಡೆ ಕಣ್ಣೆತ್ತಲಿಲ್ಲ. ಅಮ್ಮ ಈಗ ಮೂರು ತಟ್ಟೆಗೂ ಬಡಿಸಿದಳು. ಆ ಸಪ್ಪೆ ಸಾರನ್ನು ನಾವು ಮೂವರೂ ಉಳಿಸದೆ ಉಂಡೆವು.