ಅಣ್ಣನ ಊರಿನ ಪ್ರತಿನಿಧಿ

ಮಿಚಿಗನ್ನಿನ ಉತ್ತರದ ತುದಿಯಲ್ಲಿ, ತಾಮ್ರದ ಗಣಿಗಳ ಊರೊಂದರಲ್ಲಿ ಹುಟ್ಟಿದ ಲೆಂಪಿ ಮದುವೆಗೆ ಮೊದಲೇ ಆ ಊರು ಬಿಟ್ಟಳು. ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ದಕ್ಷಿಣಕ್ಕೆ, ಡೆಟ್ರಾಯಿಟ್ ಪಕ್ಕದ ಕಾರ್ಖಾನೆಯಲ್ಲಿ ಕಾರಿನ ಸೀಟಿಗೆ ಹೊದಿಕೆ ಹೊಲಿಯುವ ಕೆಲಸ ಸಿಕ್ಕಿತು. ಅಣ್ಣ ವೈನೋ ಗಣಿಯನ್ನೇ ಕಚ್ಚಿಕೊಂಡು ಅಲ್ಲೇ ಉಳಿದ. ತಂಗಿಯನ್ನು ಅವನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟ. ಅವನ ಬಾಯಲ್ಲಿ ಅವಳು 'ಓಡಿಹೋದೋಳು'.

ಓಡಿಬಂದವಳು ಅವಳೊಬ್ಬಳೇ ಅಲ್ಲ. ಯುದ್ಧ ಮುಗಿದ ಮೇಲೆ ಕಾರ್ಖಾನೆಯ ಸುತ್ತ ಬೀದಿಗಳ ಪಕ್ಕ ಬೀದಿಗಳು ಎದ್ದವು. ಶಾಲೆಯಲ್ಲಿ ಜಾಗ ಸಾಲದೆ ಮಕ್ಕಳು ಎರಡು ಪಾಳಿಯಲ್ಲಿ ಓದಿದರು. ಆದರೆ ಅಷ್ಟೂ ಜನರ ಪರವಾಗಿ ವಾಷಿಂಗ್ಟನ್ನಿಗೆ ಹೋಗುವ ಪ್ರತಿನಿಧಿ ಮಾತ್ರ ಹಿಂದಿನಂತೆಯೇ ಒಬ್ಬ. ಲೆಂಪಿಯ ಕ್ಷೇತ್ರದಲ್ಲಿ ಎಂಟು ಲಕ್ಷ ಜನ. ವೈನೋನ ಕ್ಷೇತ್ರದಲ್ಲಿ ಎರಡು ಲಕ್ಷವೂ ಇರಲಿಲ್ಲ. ಅಲ್ಲಿಗೂ ಒಬ್ಬನೇ, ಇಲ್ಲಿಗೂ ಒಬ್ಬನೇ. ಲೆಂಪಿ ಅದರ ಬಗ್ಗೆ ತಲೆ ಕೆಡಿಸಿಕೊಂಡವಳೇ ಅಲ್ಲ, ಗಂಡ ಆರ್ಮಸ್ ಹಾಸಿಗೆ ಹಿಡಿಯುವವರೆಗೆ.

ಯುದ್ಧದಲ್ಲಿ ಹೊಗೆ ಕುಡಿದ ಅವನ ಶ್ವಾಸಕೋಶ ಸಾವಿರದ ಒಂಬೈನೂರ ಅರವತ್ತೆರಡರ ಚಳಿಗೆ ಸೋತುಹೋಯಿತು. ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಿಲ್ಲ ಎಂದರು. ಪ್ರತಿನಿಧಿ ಒಂದು ಫೋನ್ ಮಾಡಿದರೆ ಸಿಗಬಹುದೆಂದು ಅವನ ಕಚೇರಿಗೆ ಹೋದರೆ ಅಲ್ಲಿ ಮೆಟ್ಟಿಲಿನವರೆಗೂ ಸಾಲು. ಮೇಜಿನ ಹಿಂದಿದ್ದ ಹೆಂಗಸು ತಲೆ ಎತ್ತದೆ, "ನಿಮ್ಮಂಥೋರು ಎಷ್ಟು ಜನ ಇದಾರೆ ಗೊತ್ತೇನಮ್ಮಾ? ಸಾಹೇಬ್ರು ಎಷ್ಟು ಜನಕ್ಕೆ ಅಂತ ಫೋನ್ ಮಾಡ್ತಾರೆ?" ಎಂದಳು.

ಅದೇ ತಿಂಗಳು ವೈನೋನ ನೆರೆಮನೆಯವನಿಗೆ ಅದೇ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತ್ತು. ಅಲ್ಲಿನ ಪ್ರತಿನಿಧಿ ಊರಿಗೆ ಬಂದಾಗ ಅವರ ಮನೆಯಲ್ಲೇ ಕಾಫಿ ಕುಡಿದಿದ್ದ, ಅಲ್ಲಿಂದಲೇ ಫೋನ್ ಮಾಡಿದ್ದ. ಊರಲ್ಲೇ ಇದ್ದ ತಾಯಿ ಇದನ್ನು ಹೇಳಿದ್ದೇ ತಡ, ಲೆಂಪಿ ಮಾನ ಮರ್ಯಾದೆ ಬದಿಗಿಟ್ಟು ಅಣ್ಣನಿಗೆ ಫೋನ್ ಮಾಡಿದಳು.

"ಅಣ್ಣಾ, ಆರ್ಮಸ್‌ಗೆ ಉಸಿರಾಡಕ್ಕೇ ಆಗ್ತಿಲ್ಲ. ನಿಮ್ಮೋರ ಹತ್ರ ಒಂದು ಮಾತು ಹೇಳು."

"ನಮ್ಮೋರು ನಮಗೆ. ನಿಂಗೆ ನಿಮ್ಮೋನು ಇದಾನಲ್ಲ, ಅವನ ಕಾಲು ಹಿಡಿ," ಎಂದ ವೈನೋ. "ಊರು ಬೇಡ ಅಂತ ಹೋದೋಳಿಗೆ ಊರಿನ ಪ್ರತಿನಿಧಿ ಯಾಕೆ ಬೇಕು?"

ಹಿಮ ಕರಗುವ ಮೊದಲೇ ಆರ್ಮಸ್ ಮನೆಯಲ್ಲೇ ತೀರಿಕೊಂಡ.

ಮಣ್ಣು ಮಾಡಿದ ಮರುವಾರ ಕಾರ್ಮಿಕ ಸಂಘದ ವಕೀಲ ಕಾರ್ಖಾನೆಗೆ ಬಂದ. ಕ್ಷೇತ್ರಗಳನ್ನು ಸರಿಸಮವಾಗಿ ಹಂಚಬೇಕೆಂದು ಹೂಡುವ ದಾವೆಗೆ ಮತದಾರರ ಹೆಸರು ಬೇಕಿತ್ತು. ಬೇರೆಯವರು ಹಿಂದೆ ಮುಂದೆ ನೋಡುತ್ತಿದ್ದಾಗ ಲೆಂಪಿ ಹೊಲಿಗೆ ಯಂತ್ರ ನಿಲ್ಲಿಸಿ ಎದ್ದಳು. "ನಂದು ಬರ್ಕೊಳಿ. ಮೊದಲನೇ ಹೆಸರು ನಂದೇ ಇರ್ಲಿ. ನಮ್ಮಣ್ಣ ಓದ್ಬೇಕು."

ಅಣ್ಣ ಪತ್ರಿಕೆಯಲ್ಲಿ ಓದಿದ. ಎರಡು ವರ್ಷದ ಮೇಲೆ ದೇಶದ ದೊಡ್ಡ ನ್ಯಾಯಾಲಯ ಒಬ್ಬರ ಮತಕ್ಕೂ ಇನ್ನೊಬ್ಬರ ಮತಕ್ಕೂ ಒಂದೇ ತೂಕ ಇರಬೇಕೆಂದಿತು. ಗೆರೆಗಳನ್ನು ಮತ್ತೆ ಎಳೆದರು. ಉತ್ತರದ ಎರಡು ಕ್ಷೇತ್ರಗಳು ಸೇರಿ ಒಂದಾದವು. ಮನೆಗೆ ಬಂದು ಕಾಫಿ ಕುಡಿಯುತ್ತಿದ್ದವನು ಇನ್ನು ಅವರ ಪಾಲಿಗಿರಲಿಲ್ಲ.

ಆ ಬೇಸಿಗೆಯಲ್ಲಿ ತಾಯಿ ಸತ್ತಳು. ಲೆಂಪಿ ರಾತ್ರಿ ಹಗಲು ಬಸ್ಸಿನಲ್ಲಿ ಕೂತು ಹೋದಳು. ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ, ಏಲಕ್ಕಿ ಬ್ರೆಡ್ಡು ಇಟ್ಟಿದ್ದರು. ಅವಳು ಕೂತ ಬೆಂಚಿನಿಂದ ಒಬ್ಬೊಬ್ಬರಾಗಿ ಎದ್ದು ಹೋದರು. ಅವಳಿಗೆ ಕಾಫಿ ಬಗ್ಗಿಸಲು ಯಾರೂ ಬರಲಿಲ್ಲ. ಎದ್ದು ತಾನೇ ಬಗ್ಗಿಸಿಕೊಂಡಳು.

ವೈನೋ ಎಲ್ಲರಿಗೂ ಕೇಳುವಂತೆ, "ಬಂದಳಪ್ಪಾ ಮಹಾರಾಣಿ! ನಮ್ಮೂರಿಗೆ ಇದ್ದ ಒಂದು ನಾಲಿಗೇನೂ ಕಿತ್ಕೊಂಡು ಹೋದ್ಲು," ಎಂದ.

"ಆ ನಾಲಿಗೆ ನನ್ನ ಗಂಡನಿಗೋಸ್ಕರ ಆಡ್ಲಿಲ್ವಲ್ಲ," ಎಂದಳು ಲೆಂಪಿ. "ನಿಮ್ಮೊಬ್ಬರ ವೋಟು ನಮ್ಮ ನಾಲ್ಕು ಜನರ ವೋಟಿಗೆ ಸಮ ಆಗಿತ್ತು. ಅಷ್ಟು ದೊಡ್ಡ ಮನುಷ್ಯರು ನೀವೇನು ಮಾಡಿದ್ರಿ? ಒಂದು ಫೋನ್ ಮಾಡ್ಸಿದ್ರಾ?"

"ಅವನು ಹೇಗೂ ಸಾಯೋನೇ ಇದ್ದ."

ಲೆಂಪಿ ಬಿಸಿ ಕಾಫಿಯನ್ನು ಅವನ ಅಂಗಿಯ ಮೇಲೆ ಎರಚಿ, ಕೋಟು ಎತ್ತಿಕೊಂಡು ಹೊರಟಳು. ತಾಯಿಯ ಗೋರಿಗೆ ಮಣ್ಣು ಹಾಕಿ ಮುಗಿದಿತ್ತು. ಅವಳಿಗೆ ಆ ಊರಲ್ಲಿ ಇನ್ನೇನೂ ಕೆಲಸ ಉಳಿದಿರಲಿಲ್ಲ. ಅಣ್ಣ ತಂಗಿ ಆಮೇಲೆ ಸಾಯುವವರೆಗೂ ಮಾತಾಡಲಿಲ್ಲ.

ನವೆಂಬರಿನಲ್ಲಿ ಹೊಸ ಕ್ಷೇತ್ರದಲ್ಲಿ ಮತ ಹಾಕಿದಳು. ಗೆದ್ದವನು ಅವಳಿಗೆ ಹಿಡಿಸಲಿಲ್ಲ. ಅವನು ಕಾರ್ಖಾನೆಯ ಗೇಟಿಗೆ ಬಂದು ಎಲ್ಲರ ಕೈ ಕುಲುಕುತ್ತಿದ್ದಾಗ ಲೆಂಪಿ ಕೈ ಕೊಡಲಿಲ್ಲ.

"ನಂಗೆ ನಿಮ್ಮ ಕೈ ಬೇಡ ಸ್ವಾಮಿ. ನಮ್ಮ ಬೀದಿಯಲ್ಲಿ ಇನ್ನೂ ಇಬ್ರು ಆಸ್ಪತ್ರೆ ಹಾಸಿಗೆಗೆ ಕಾಯ್ತಾ ಇದಾರೆ. ಈಗ್ಲೇ ಫೋನ್ ಮಾಡಿ. ನಾನು ಇಲ್ಲೇ ನಿಂತಿರ್ತೀನಿ."